ಜೆಸಾನ್ ಓದುವುದು ಹೇಗೆ? ಕಾಮರ್ಸ್‌ನವರಿಗೂ ಒಂದು ಕಂಪ್ಯೂಟರ್ ಪಾಠ

ಕಂಪ್ಯೂಟರ್ ಬಗ್ಗೆ ಲೇಖನ ಎಂದರೆ ಸೈನ್ಸ್ ವಿಭಾಗದವರೇ ಬರೆಯಬೇಕು ಎಂದು ನಮ್ಮಲ್ಲಿ ಅನೇಕರು ಅಂದುಕೊಂಡಿದ್ದಾರೆ. ನಾನು ದ್ವಿತೀಯ ಪಿಯುಸಿ ಕಾಮರ್ಸ್ ವಿದ್ಯಾರ್ಥಿನಿ. ಆದರೂ ಬರೆಯಲು ಕಾರಣವಿದೆ. ಈ ವಿಷಯದ ಅರ್ಧ ಭಾಗ ನಮ್ಮ ಅಕೌಂಟೆನ್ಸಿ ಪುಸ್ತಕದಲ್ಲೇ ಇದೆ. ವೋಚರ್ ಕೈಗೆ ಬಂದಾಗ ನಾವು ಏನು ಮಾಡುತ್ತೇವೆ? ದಿನಾಂಕ ಇದೆಯೇ, ಮೊತ್ತ ಸರಿಯಿದೆಯೇ, ಯಾರ ಖಾತೆ ಎಂದು ನೋಡುತ್ತೇವೆ. ಸರಿಯಿದ್ದರೆ ಜರ್ನಲ್‌ಗೆ ಬರೆಯುತ್ತೇವೆ, ಆಮೇಲೆ ಲೆಡ್ಜರ್‌ಗೆ ಏರಿಸುತ್ತೇವೆ. ಲೆಡ್ಜರ್ ಕೂಡುವಾಗ ಮತ್ತೆ ಪ್ರತಿ ವೋಚರನ್ನೂ ತೆಗೆದು ನೋಡುವುದಿಲ್ಲ. ಹೊರಗಿನಿಂದ ಬಂದ ಮಾಹಿತಿಯನ್ನು ಹೀಗೆ ಪರೀಕ್ಷಿಸಿ, ಒಳಗಿನ ಲೆಕ್ಕಕ್ಕೆ ತಕ್ಕ ರೂಪಕ್ಕೆ ತರುವ ಕೆಲಸವನ್ನು ಕಂಪ್ಯೂಟರ್ ಭಾಷೆಯಲ್ಲಿ ಡಿಕೋಡಿಂಗ್ ಎನ್ನುತ್ತಾರೆ.

ಈ ಲೇಖನದಲ್ಲಿ ಜೆಸಾನ್ ಎಂಬ ರೂಪದಲ್ಲಿ ಬಂದ ಮಾಹಿತಿಯನ್ನು ಹ್ಯಾಸ್ಕೆಲ್ ಎಂಬ ಫಂಕ್ಷನಲ್ ಭಾಷೆಯಲ್ಲಿ ಸರಿಯಾಗಿ, ಮತ್ತು ಸಮಯ ಹಾಗೂ ಮೆಮೊರಿ ಹಾಳು ಮಾಡದೆ, ಹೇಗೆ ಓದುತ್ತಾರೆ ಎಂದು ನೋಡೋಣ.

1. ಜೆಸಾನ್ ಎಂದರೇನು?

ಎರಡು ಕಂಪ್ಯೂಟರ್‌ಗಳು ಮಾತಾಡಿಕೊಳ್ಳಲು ಇಬ್ಬರಿಗೂ ಅರ್ಥವಾಗುವ ಒಂದು ಬರವಣಿಗೆ ಬೇಕು. ಜೆಸಾನ್ ಅಂಥದ್ದು. ಅದನ್ನು 2000ದ ದಶಕದ ಆರಂಭದಲ್ಲಿ ಬಳಕೆಗೆ ತಂದವರು ಅಮೆರಿಕದ ಡಗ್ಲಸ್ ಕ್ರಾಕ್‌ಫೋರ್ಡ್. ಅದರಲ್ಲಿ ಆರೇ ಬಗೆಯ ವಸ್ತುಗಳಿವೆ: ಪಠ್ಯ, ಸಂಖ್ಯೆ, ಹೌದು/ಅಲ್ಲ, ನಲ್ (ಅಂದರೆ ಬೆಲೆ ಇಲ್ಲ), ಪಟ್ಟಿ, ಮತ್ತು ಹೆಸರು-ಬೆಲೆಗಳ ಜೋಡಿ ಇರುವ ಆಬ್ಜೆಕ್ಟ್. ದಿನಾಂಕ ಎಂಬ ಬಗೆ ಇಲ್ಲ. ಹಣ ಎಂಬ ಬಗೆಯೂ ಇಲ್ಲ. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಕಾಮರ್ಸ್‌ನವರಿಗೆ ಜೆಸಾನ್ ದೂರದ ವಿಷಯವಲ್ಲ. ವಾರ್ಷಿಕ ವಹಿವಾಟು 5 ಕೋಟಿ ರೂಪಾಯಿ ದಾಟಿದ ವ್ಯಾಪಾರಸ್ಥರು ಬೇರೆ ನೋಂದಾಯಿತ ವ್ಯಾಪಾರಸ್ಥರಿಗೆ ಕೊಡುವ ಬಿಲ್‌ಗಳಿಗೆ 2023ರ ಆಗಸ್ಟ್ 1ರಿಂದ ಜಿಎಸ್‌ಟಿ ಇ-ಇನ್‌ವಾಯ್ಸ್ ಮಾಡಬೇಕು. ಆ ಬಿಲ್ ಸರ್ಕಾರದ ಪೋರ್ಟಲ್‌ಗೆ ಹೋಗುವುದು ಜೆಸಾನ್ ರೂಪದಲ್ಲೇ. ಪೋರ್ಟಲ್ ಅದನ್ನು ಪರೀಕ್ಷಿಸಿ 64 ಅಕ್ಷರಗಳ ಒಂದು ಗುರುತಿನ ಸಂಖ್ಯೆ ಕೊಡುತ್ತದೆ. ನಾಳೆ ನಮ್ಮಲ್ಲಿ ಯಾರಾದರೂ ಲೆಕ್ಕಪರಿಶೋಧಕರ ಕಚೇರಿಗೆ ಕೆಲಸಕ್ಕೆ ಸೇರಿದರೆ ಈ ಹೆಸರು ಕೇಳದೆ ಒಂದು ದಿನವೂ ಕಳೆಯುವುದಿಲ್ಲ.

2. ನಮ್ಮ ರಾಜ್ಯದ ಉದಾಹರಣೆ: ನಮ್ಮ ಯಾತ್ರಿ

ಹ್ಯಾಸ್ಕೆಲ್ ಭಾಷೆಯ ಮೊದಲ ವರದಿ ಬಂದದ್ದು 1990ರಲ್ಲಿ. ತರ್ಕಶಾಸ್ತ್ರಜ್ಞ ಹ್ಯಾಸ್ಕೆಲ್ ಕರಿ ಅವರ ಹೆಸರನ್ನು ಅದಕ್ಕೆ ಇಟ್ಟಿದ್ದಾರೆ. ಇದನ್ನು ವಿದೇಶದ ಪ್ರೊಫೆಸರ್‌ಗಳು ಮಾತ್ರ ಬಳಸುತ್ತಾರೆ ಎಂಬ ಭಾವನೆ ಬೇಡ. 2022ರ ನವೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಶುರುವಾಗಿ ಈಗ ಮೈಸೂರಿನಲ್ಲೂ ಓಡುತ್ತಿರುವ 'ನಮ್ಮ ಯಾತ್ರಿ' ಆಟೋ ಆ್ಯಪ್‌ನ ಸರ್ವರ್ ಭಾಗ ಬರೆದಿರುವುದು ಹ್ಯಾಸ್ಕೆಲ್‌ನಲ್ಲಿ. ಅದನ್ನು ಆಟೋ ಚಾಲಕರ ಯೂನಿಯನ್ ಜೊತೆ ಸೇರಿ ಕಟ್ಟಿದ್ದು ಬೆಂಗಳೂರಿನ ಜಸ್‌ಪೇ ಕಂಪನಿ. ಅದರ ಕೋಡ್ ಯಾರು ಬೇಕಾದರೂ ಓದುವಂತೆ ತೆರೆದಿಟ್ಟಿದ್ದಾರೆ.

ನಮ್ಮ ಯಾತ್ರಿ ಬೆಕ್ನ್ ಎಂಬ ಮುಕ್ತ ನಿಯಮಾವಳಿಯನ್ನು ಅನುಸರಿಸುತ್ತದೆ. ಅದರಲ್ಲಿ ಪ್ರಯಾಣಿಕರ ಕಡೆಯ ವ್ಯವಸ್ಥೆ ಬೇರೆ, ಚಾಲಕರ ಕಡೆಯ ವ್ಯವಸ್ಥೆ ಬೇರೆ. 'ಆಟೋ ಹುಡುಕು' ಎಂಬ ಸಂದೇಶ ಒಂದು ಕಡೆಯಿಂದ ಹೋಗುತ್ತದೆ, 'ಇಷ್ಟು ಬಾಡಿಗೆಗೆ ಸಿಗುತ್ತದೆ' ಎಂಬ ಉತ್ತರ ಇನ್ನೊಂದು ಕಡೆಯಿಂದ ಬರುತ್ತದೆ. ಈ ಸಂದೇಶಗಳೆಲ್ಲ ಜೆಸಾನ್. ಎರಡು ಕಡೆಯವರೂ ಒಬ್ಬರನ್ನೊಬ್ಬರು ನೋಡಿರುವುದಿಲ್ಲ. ಹಾಗಾಗಿ ಬಂದ ಸಂದೇಶವನ್ನು ನಂಬುವ ಮೊದಲು ಓದಿ ಪರೀಕ್ಷಿಸಬೇಕು. ಸಂದೇಶಗಳು ಬಹಳ, ಕಾಯುವವರು ರಸ್ತೆಯಲ್ಲಿ ನಿಂತಿರುತ್ತಾರೆ. ಹಾಗಾಗಿ ಬೇಗವೂ ಓದಬೇಕು.

3. ಡಿಕೋಡರ್ ಕಟ್ಟುವುದು

ಕೆಳಗಿನ ತುಣುಕು ಯಾವ ಆ್ಯಪ್‌ನದ್ದೂ ಅಲ್ಲ, ಪಾಠಕ್ಕಾಗಿ ನಾನೇ ಬರೆದದ್ದು. ಜೆಸಾನ್‌ನಲ್ಲಿ ಹೆಸರುಗಳನ್ನು ಕನ್ನಡದಲ್ಲಿ ಬರೆಯಲು ಅಡ್ಡಿಯಿಲ್ಲ. 'ನಲ್' ಎಂಬ ಪದ ಮಾತ್ರ ನಿಜವಾದ ಕಡತದಲ್ಲಿ ಇಂಗ್ಲಿಷ್ ಅಕ್ಷರದಲ್ಲೇ ಇರಬೇಕು.

{
  "ಎಲ್ಲಿಂದ": "ಕುವೆಂಪುನಗರ",
  "ಎಲ್ಲಿಗೆ": "ದೇವರಾಜ ಮಾರುಕಟ್ಟೆ",
  "ಬಾಡಿಗೆ": "96.50",
  "ಟಿಪ್ಸ್": ನಲ್
}

ಹ್ಯಾಸ್ಕೆಲ್‌ನಲ್ಲಿ ಮೊದಲು ಮಾಡುವ ಕೆಲಸ, ನಮಗೆ ಏನು ಬೇಕು ಎಂದು ಹೇಳುವುದು. ಇದಕ್ಕೆ ಟೈಪ್ ಎನ್ನುತ್ತಾರೆ. ಖಾಲಿ ಲೆಡ್ಜರ್ ಪುಟಕ್ಕೆ ಕಾಲಂ ಎಳೆದ ಹಾಗೆ. ಅರ್ಥವಾಗಲೆಂದು ಕನ್ನಡದಲ್ಲೇ ಬರೆದಿದ್ದೇನೆ:

ಸವಾರಿ ಎಂದರೆ:
  ಎಲ್ಲಿಂದ — ಪಠ್ಯ
  ಎಲ್ಲಿಗೆ — ಪಠ್ಯ
  ಬಾಡಿಗೆ — ಪೈಸೆ
  ಟಿಪ್ಸ್ — ಪೈಸೆ ಇರಬಹುದು, ಇಲ್ಲದಿರಬಹುದು

ಎರಡನೆಯ ಕೆಲಸ, ಓದುವ ವಿಧಾನ ಹೇಳುವುದು:

ಸವಾರಿ ಓದು:
  "ಎಲ್ಲಿಂದ" ಬೇಕೇ ಬೇಕು, ಪಠ್ಯವಾಗಿ ಓದು
  "ಎಲ್ಲಿಗೆ" ಬೇಕೇ ಬೇಕು, ಪಠ್ಯವಾಗಿ ಓದು
  "ಬಾಡಿಗೆ" ಬೇಕೇ ಬೇಕು, ಪೈಸೆಯಾಗಿ ಓದು
  "ಟಿಪ್ಸ್" ಇದ್ದರೆ ಪೈಸೆಯಾಗಿ ಓದು

ಫಂಕ್ಷನಲ್ ಭಾಷೆಯ ಗುಣ ಇಲ್ಲಿ ಕಾಣುತ್ತದೆ. 'ಪೈಸೆಯಾಗಿ ಓದು' ಎಂಬುದು ಒಂದು ಪುಟ್ಟ ಫಂಕ್ಷನ್. ಒಂದೇ ಪಠ್ಯ ಕೊಟ್ಟರೆ ಯಾವಾಗಲೂ ಒಂದೇ ಉತ್ತರ ಕೊಡುತ್ತದೆ, ಹೊರಗಿನ ಯಾವುದನ್ನೂ ಬದಲಾಯಿಸುವುದಿಲ್ಲ. ಪುಟ್ಟ ಡಿಕೋಡರ್‌ಗಳನ್ನು ಜೋಡಿಸಿ 'ಸವಾರಿ ಓದು' ಎಂಬ ದೊಡ್ಡದನ್ನು ಮಾಡಿದೆವು. ಅದನ್ನೇ ಬಳಸಿ 'ಸವಾರಿಗಳ ಪಟ್ಟಿ ಓದು' ಎಂಬ ಇನ್ನೂ ದೊಡ್ಡದನ್ನು ಮಾಡಬಹುದು. ಚಿಕ್ಕದನ್ನು ಒಮ್ಮೆ ಪರೀಕ್ಷಿಸಿ ಸರಿ ಎಂದು ಗೊತ್ತಾದರೆ, ಎಲ್ಲಿ ಜೋಡಿಸಿದರೂ ಅದರ ಕೆಲಸ ಬದಲಾಗುವುದಿಲ್ಲ.

ಓದಿದ ಮೇಲೆ ಸಿಗುವ ಉತ್ತರ ಎರಡರಲ್ಲಿ ಒಂದು: ಪೂರ್ತಿ ಸವಾರಿ, ಇಲ್ಲವೇ ತಪ್ಪು ಎಲ್ಲಿದೆ ಎಂಬ ಮಾತು. ಅರ್ಧ ತುಂಬಿದ ಸವಾರಿ ಎಂಬುದು ಇಲ್ಲ. ಹ್ಯಾಸ್ಕೆಲ್‌ನಲ್ಲಿ ಇದಕ್ಕಾಗಿ ಬಹಳ ಜನ ಬಳಸುವ ಲೈಬ್ರರಿಯ ಹೆಸರು ಈಸನ್. ಗ್ರೀಕ್ ಪುರಾಣದಲ್ಲಿ ಈಸನ್ ಎಂದರೆ ಜೇಸನ್‌ನ ತಂದೆ. ಹೆಸರಿನ ತಮಾಷೆ ಈಗ ನಿಮಗೂ ಗೊತ್ತಾಯಿತು. ಈಸನ್ ತಪ್ಪಿನ ವಿಳಾಸವನ್ನೂ ಹೇಳುತ್ತದೆ: 'ಸವಾರಿಗಳು, 3, ಬಾಡಿಗೆ: ಪಠ್ಯ ಬೇಕಿತ್ತು, ಸಂಖ್ಯೆ ಸಿಕ್ಕಿತು' ಎಂಬ ಧಾಟಿಯಲ್ಲಿ. ಎಣಿಕೆ ಸೊನ್ನೆಯಿಂದ ಶುರು, ಆದ್ದರಿಂದ ಇಲ್ಲಿ 3 ಎಂದರೆ ನಾಲ್ಕನೆಯ ಸವಾರಿ. ಬರೀ 'ಎಲ್ಲೋ ತಪ್ಪಿದೆ' ಎಂದರೆ ಸಾವಿರ ಸಾಲು ಹುಡುಕಬೇಕಾಗುತ್ತಿತ್ತು.

ಇದರಿಂದ ಆಗುವ ದೊಡ್ಡ ಅನುಕೂಲ, ಬಾಗಿಲಲ್ಲಿ ಒಮ್ಮೆ ಪರೀಕ್ಷೆಯಾದರೆ ಒಳಗೆ ಮತ್ತೆ ಬೇಡ. ಮೈಸೂರು ಮೃಗಾಲಯದ ಗೇಟಿನಲ್ಲಿ ಟಿಕೆಟ್ ನೋಡುತ್ತಾರೆ. ಜಿರಾಫೆಯ ಮುಂದೆ ಒಮ್ಮೆ, ಹುಲಿಯ ಮುಂದೆ ಒಮ್ಮೆ ಕೇಳುವುದಿಲ್ಲ. 'ಸವಾರಿ' ಎಂಬ ಟೈಪ್ ಕೈಯಲ್ಲಿದ್ದರೆ ಅದರಲ್ಲಿ ಬಾಡಿಗೆ ಇದ್ದೇ ಇದೆ, ಅದು ಪೈಸೆಯಲ್ಲೇ ಇದೆ. ಮುಂದಿನ ಯಾವ ಫಂಕ್ಷನ್ನೂ 'ಇದೆಯೋ ಇಲ್ಲವೋ' ಎಂದು ಮತ್ತೆ ಕೇಳಬೇಕಿಲ್ಲ. ಸುರಕ್ಷತೆ ಬಂತು, ಜೊತೆಗೆ ಸಮಯವೂ ಉಳಿಯಿತು.

4. ಸೊನ್ನೆ ಬೇರೆ, ಗೆರೆ ಬೇರೆ

ಟಿಪ್ಸ್‌ಗೆ 'ಇರಬಹುದು' ಎಂದು ಏಕೆ ಬರೆದೆವು, ಇಲ್ಲದಿದ್ದರೆ ಸೊನ್ನೆ ಹಾಕಬಹುದಿತ್ತಲ್ಲ ಎಂದು ನೀವು ಕೇಳಬಹುದು. ಇದಕ್ಕೆ ನಮ್ಮ ಮನೆಯ ಲೆಕ್ಕದ ಪುಸ್ತಕವೇ ಉತ್ತರ ಕೊಡುತ್ತದೆ.

ಅಬ್ಬಾ ಆಟೋ ಓಡಿಸುತ್ತಾರೆ. ಅಮ್ಮಿ ದಿನದ ಲೆಕ್ಕ ಬರೆಯುತ್ತಾರೆ, ಉರ್ದುವಿನಲ್ಲಿ, ಬಲದಿಂದ ಎಡಕ್ಕೆ. ದಿನಾಂಕ ಬಲಗಡೆ, ಹಣ ಎಡಗಡೆ. ನಾನು ಕಾಲೇಜಿನಲ್ಲಿ ಬರೆಯುವ ಲೆಡ್ಜರ್‌ಗೆ ಇದು ತಿರುಗುಮುರುಗು. ಆದರೆ ಅರ್ಥ ಕೆಡುವುದಿಲ್ಲ, ಏಕೆಂದರೆ ಪ್ರತಿ ಕಾಲಂಗೂ ಹೆಸರಿದೆ. ಜೆಸಾನ್ ಆಬ್ಜೆಕ್ಟ್‌ನಲ್ಲೂ ಹಾಗೆಯೇ. ಹೆಸರುಗಳು ಯಾವ ಕ್ರಮದಲ್ಲಿ ಬಂದರೂ ಡಿಕೋಡರ್ ಹೆಸರು ನೋಡಿಯೇ ಓದುತ್ತದೆ. (ಪಟ್ಟಿಯಲ್ಲಿ ಮಾತ್ರ ಕ್ರಮ ಮುಖ್ಯ.)

ಅಮ್ಮಿಯ ಪುಸ್ತಕದಲ್ಲಿ ಕೆಲವು ದಿನ ಗೆರೆ ಇರುತ್ತದೆ, ಕೆಲವೊಮ್ಮೆ ಸೊನ್ನೆ ಇರುತ್ತದೆ. ಗೆರೆ ಎಂದರೆ ಆ ದಿನ ಆಟೋ ಹೊರಗೆ ಹೋಗಲಿಲ್ಲ. ಸೊನ್ನೆ ಎಂದರೆ ಹೋಯಿತು, ಗ್ಯಾಸ್ ಸುಟ್ಟಿತು, ಕೈಗೆ ಏನೂ ಉಳಿಯಲಿಲ್ಲ. ಎರಡೂ ದಿನ ಮನೆಗೆ ಬಂದ ಹಣ ಒಂದೇ, ಆದರೆ ಎರಡೂ ಒಂದೇ ಮಾಹಿತಿಯಲ್ಲ. ಆಟೋ ಸಾಲಕ್ಕೆ ಅರ್ಜಿ ಹಾಕಿದರೆ 'ದಿನದ ಸರಾಸರಿ ದುಡಿಮೆ ಎಷ್ಟು' ಎಂದು ಕೇಳುತ್ತಾರೆ. 30 ದಿನದ ತಿಂಗಳಲ್ಲಿ 4 ಗೆರೆ ಇವೆ, ಒಟ್ಟು ದುಡಿಮೆ 20,800 ರೂಪಾಯಿ ಎಂದುಕೊಳ್ಳಿ. ಓಡಿದ 26 ದಿನಕ್ಕೆ ಭಾಗಿಸಿದರೆ ದಿನಕ್ಕೆ 800 ರೂಪಾಯಿ. ಗೆರೆಗಳನ್ನೆಲ್ಲ ಸೊನ್ನೆ ಎಂದು ಓದುವ ಪ್ರೋಗ್ರಾಂ 30ರಿಂದ ಭಾಗಿಸುತ್ತದೆ, 693 ರೂಪಾಯಿ ಎನ್ನುತ್ತದೆ. ದುಡಿದವರು ಅವರೇ, ಹಣವೂ ಅಷ್ಟೇ. ಆದರೆ ಕಾಗದದ ಮೇಲೆ ದಿನಕ್ಕೆ 107 ರೂಪಾಯಿ ಕಡಿಮೆ. ಮೊತ್ತದಲ್ಲಿ ತಪ್ಪಿಲ್ಲದ ಕಾರಣ ಇದನ್ನು ಯಾರೂ ಗಮನಿಸುವುದೂ ಇಲ್ಲ.

ಹ್ಯಾಸ್ಕೆಲ್‌ನಲ್ಲಿ 'ಇರಬಹುದು' ಎಂಬ ಟೈಪ್ ಇದ್ದರೆ ಈ ಎರಡನ್ನು ಬೆರೆಸಲು ಆಗುವುದಿಲ್ಲ. ನೇರವಾಗಿ ಕೂಡಲು ಹೋದರೆ, ಪ್ರೋಗ್ರಾಂ ಓಡುವ ಮೊದಲೇ ಕಂಪೈಲರ್ ನಿಲ್ಲಿಸಿ, 'ಇಲ್ಲದ ದಿನಕ್ಕೆ ಏನು ಮಾಡಬೇಕು ಎಂದು ಮೊದಲು ಹೇಳು' ಎಂಬಂತೆ ಕೇಳುತ್ತದೆ. ಉತ್ತರ ಕೊಡಬೇಕಾದವರು ನಾವು. ಪ್ರೋಗ್ರಾಂ ನಮ್ಮ ಪರವಾಗಿ ಸುಮ್ಮನೆ ಸೊನ್ನೆ ತುಂಬುವುದಿಲ್ಲ.

5. ಹಣವನ್ನು ಓದುವಾಗ

ಮೇಲಿನ ಉದಾಹರಣೆಯಲ್ಲಿ ಬಾಡಿಗೆಯನ್ನು ಉದ್ಧರಣ ಚಿಹ್ನೆಯೊಳಗೆ "96.50" ಎಂದು ಪಠ್ಯವಾಗಿ ಬರೆದಿದ್ದೇನೆ. ಬೆಕ್ನ್ ನಿಯಮಾವಳಿಯಲ್ಲೂ ಬೆಲೆಯ ಮೊತ್ತವನ್ನು ಪಠ್ಯವಾಗಿಯೇ ಕಳುಹಿಸುತ್ತಾರೆ. ಹಣವನ್ನು ಸಾಮಾನ್ಯ ದಶಮಾಂಶ ಸಂಖ್ಯೆಯಾಗಿ ಬಿಟ್ಟರೆ ಏನಾಗುತ್ತದೆ ಎಂದು ಲ್ಯಾಬಿನಲ್ಲಿ ನೋಡಬಹುದು. ಪೈಥಾನ್‌ನಲ್ಲೇ ಆಗಲಿ, ಹ್ಯಾಸ್ಕೆಲ್‌ನ ಡಬಲ್ ಸಂಖ್ಯೆಯಲ್ಲೇ ಆಗಲಿ, 0.1 ಮತ್ತು 0.2 ಕೂಡಿಸಿ. ಉತ್ತರ 0.30000000000000004 ಎಂದು ಬರುತ್ತದೆ. ಕಂಪ್ಯೂಟರ್ ಎರಡರ ಆಧಾರದಲ್ಲಿ ಎಣಿಸುವುದರಿಂದ ಹತ್ತನೇ ಒಂದು ಭಾಗ ಅದಕ್ಕೆ ಮುಗಿಯದ ಭಿನ್ನರಾಶಿ. ನಮಗೆ ಮೂರನೇ ಒಂದು ಭಾಗ 0.333 ಎಂದು ಮುಗಿಯದ ಹಾಗೆ.

ಪರಿಹಾರ ಸುಲಭ. ಬಾಗಿಲಲ್ಲೇ ರೂಪಾಯಿಯನ್ನು ಪೈಸೆಗೆ ತಿರುಗಿಸಿ, ಪೂರ್ಣಾಂಕವಾಗಿ ಇಟ್ಟುಕೊಳ್ಳುವುದು. "96.50" ಓದಿದ ಕೂಡಲೇ 9650 ಪೈಸೆ. "96.5" ಬಂದರೂ 9650 ಪೈಸೆ. ಬಿಂದುವಿನ ನಂತರ ಮೂರು ಅಂಕಿ ಬಂದರೆ ತಿರಸ್ಕರಿಸಿ. ಒಳಗಿನ ಕೂಡುವುದು ಕಳೆಯುವುದು ಎಲ್ಲ ಪೈಸೆಯಲ್ಲಿ. ತೋರಿಸುವಾಗ ಮಾತ್ರ ಮತ್ತೆ ರೂಪಾಯಿ.

ಸಂಖ್ಯೆಗಳ ಬಗ್ಗೆ ಇನ್ನೊಂದು ಎಚ್ಚರಿಕೆ. ಒಂದರ ಮುಂದೆ ನೂರು ಕೋಟಿ ಸೊನ್ನೆ ಇರುವ ಸಂಖ್ಯೆಯನ್ನು ಜೆಸಾನ್‌ನಲ್ಲಿ ಘಾತ ರೂಪದಲ್ಲಿ ಕೇವಲ 12 ಅಕ್ಷರಗಳಲ್ಲಿ ಬರೆಯಬಹುದು. ಅದನ್ನು ಪೂರ್ಣಾಂಕವಾಗಿ ಬಿಡಿಸಲು ಹೊರಟರೆ ಮೆಮೊರಿ ತುಂಬಿಹೋಗುತ್ತದೆ. ಕಿಡಿಗೇಡಿಯೊಬ್ಬನಿಗೆ ಸರ್ವರ್ ನಿಲ್ಲಿಸಲು ಅಷ್ಟೇ ಸಾಕು. ಆದ್ದರಿಂದ ಈಸನ್ ಸಂಖ್ಯೆಯನ್ನು ಬಿಡಿಸದೆ, ಮೂಲ ಅಂಕಿ ಮತ್ತು ಘಾತ ಎಂದು ಎರಡು ಭಾಗವಾಗಿ ಇಟ್ಟುಕೊಳ್ಳುತ್ತದೆ. ಪೂರ್ಣಾಂಕ ಕೇಳಿದಾಗ ಘಾತ 1024 ಮೀರಿದ್ದರೆ ಒಪ್ಪುವುದಿಲ್ಲ.

6. ಬೇಗ ಓದಲು ನಾಲ್ಕು ಸೂತ್ರ

ಒಂದು: ಅಕ್ಷರಗಳನ್ನು ಸರಪಣಿ ಮಾಡಬೇಡಿ. ಹ್ಯಾಸ್ಕೆಲ್‌ನ ಹಳೆಯ ಸ್ಟ್ರಿಂಗ್ ಎಂದರೆ ಒಂದೊಂದು ಅಕ್ಷರವೂ ಮುಂದಿನದರ ಕೈ ಹಿಡಿದ ಸರಪಣಿ. 64 ಬಿಟ್ ಕಂಪ್ಯೂಟರ್‌ನಲ್ಲಿ ಒಂದು ಕನ್ನಡ ಸಂಕೇತಕ್ಕೆ ಅದರಲ್ಲಿ 40 ಬೈಟ್‌ವರೆಗೆ ಬೇಕು. ಅದೇ ಯುಟಿಎಫ್-8 ಬರವಣಿಗೆಯಲ್ಲಿ 3 ಬೈಟ್ ಸಾಕು. 'ಕುವೆಂಪುನಗರ' ಎಂಬಲ್ಲಿ ಗುಣಿತ ಚಿಹ್ನೆ, ಅನುಸ್ವಾರ ಸೇರಿ 10 ಸಂಕೇತಗಳಿವೆ: ಒಂದು ಕಡೆ 400 ಬೈಟ್, ಇನ್ನೊಂದು ಕಡೆ 30. ಆದ್ದರಿಂದ ಟೆಕ್ಸ್ಟ್ ಎಂಬ ಟೈಪ್ ಬಳಸುತ್ತಾರೆ. 2021ರ ಕೊನೆಯಲ್ಲಿ ಬಂದ ಅದರ ಎರಡನೆಯ ಆವೃತ್ತಿಯಿಂದ ಒಳಗೂ ಯುಟಿಎಫ್-8 ಇರುವುದರಿಂದ ಲಿಪಿ ಬದಲಾಯಿಸುವ ಕೆಲಸವೂ ತಪ್ಪಿತು. (ಉರ್ದು ಅಕ್ಷರಕ್ಕೆ ಯುಟಿಎಫ್-8ನಲ್ಲಿ 2 ಬೈಟ್. ನಮ್ಮ ಮನೆಯ ಭಾಷೆ ಈ ಒಂದು ವಿಷಯದಲ್ಲಿ ಮಿತವ್ಯಯಿ!) ಕಳುಹಿಸುವವರು ಪ್ರತಿ ಕನ್ನಡ ಸಂಕೇತವನ್ನೂ ಬ್ಯಾಕ್‌ಸ್ಲ್ಯಾಷ್, ಯು, ನಾಲ್ಕು ಅಂಕಿಯ ಗುಪ್ತರೂಪದಲ್ಲಿ ಬರೆದರೆ 6 ಬೈಟ್ ಆಗುತ್ತದೆ. ಅದೂ ತಪ್ಪಲ್ಲ, ಆದರೆ ಕನ್ನಡ ಹೆಸರು ಎರಡು ಪಟ್ಟು ಉದ್ದವಾಗುತ್ತದೆ, ಬಿಡಿಸುವ ಕೆಲಸವೂ ಸೇರುತ್ತದೆ.

ಎರಡು: ಬೇಡದ್ದನ್ನು ಹೊತ್ತುಕೊಳ್ಳಬೇಡಿ. ಸಂದೇಶದಲ್ಲಿ 40 ಹೆಸರುಗಳಿದ್ದು ನಮಗೆ 4 ಸಾಕಾಗಿದ್ದರೆ, ಟೈಪ್‌ನಲ್ಲಿ 4 ಮಾತ್ರ ಬರೆಯಿರಿ. ಈಸನ್ ಮೊದಲು ಇಡೀ ಸಂದೇಶವನ್ನು ಮರದ ರೂಪದಲ್ಲಿ ಕಟ್ಟಿ, ಆಮೇಲೆ ಅದರಿಂದ ನಮ್ಮ ಟೈಪ್ ತೆಗೆಯುತ್ತದೆ. ಟೈಪ್ ಸಿಕ್ಕ ಮೇಲೆ ಮರವನ್ನು ಕೈಬಿಟ್ಟರೆ ಅದರ ಮೆಮೊರಿ ಮರಳಿ ಸಿಗುತ್ತದೆ. 'ಮುಂದೆ ಬೇಕಾಗಬಹುದು' ಎಂದು ಮರವನ್ನೇ ಹಿಡಿದುಕೊಂಡು ಓಡಾಡಿದರೆ ಹಳೆಯ ವೋಚರ್ ಕಟ್ಟುಗಳನ್ನೆಲ್ಲ ಕೌಂಟರ್ ಮೇಲೆ ಪೇರಿಸಿದ ಹಾಗೆ.

ಮೂರು: ದೊಡ್ಡ ಕಡತವನ್ನು ಸಾಲು ಸಾಲಾಗಿ ಓದಿ. ಒಂದು ವರ್ಷದ ಸವಾರಿಗಳನ್ನು ಒಂದೇ ದೊಡ್ಡ ಪಟ್ಟಿಯಾಗಿ ಬರೆದರೆ ಪಟ್ಟಿ ಮುಗಿಯುವವರೆಗೆ ಎಲ್ಲವೂ ಮೆಮೊರಿಯಲ್ಲಿ ಇರಬೇಕಾಗಬಹುದು. ಸಾಲಿಗೆ ಒಂದರಂತೆ ಬರೆದಿದ್ದರೆ ಒಂದು ಸಾಲು ಓದು, ಲೆಕ್ಕಕ್ಕೆ ಸೇರಿಸು, ಮರೆತುಬಿಡು. ಹತ್ತು ಸಾಲಿಗೂ ಹತ್ತು ಲಕ್ಷ ಸಾಲಿಗೂ ಬೇಕಾಗುವ ಮೆಮೊರಿ ಹೆಚ್ಚು ಕಡಿಮೆ ಅಷ್ಟೇ. ಒಂದು ಸಾಲು ಕೆಟ್ಟಿದ್ದರೆ ಅದನ್ನು ಪಕ್ಕಕ್ಕಿಟ್ಟು ಮುಂದೆ ಹೋಗಲೂ ಸಾಧ್ಯ.

ನಾಲ್ಕು: ಲೆಕ್ಕವನ್ನು ಬಾಕಿ ಇಡಬೇಡಿ. ಹ್ಯಾಸ್ಕೆಲ್ ಸೋಮಾರಿ ಭಾಷೆ, ಇದು ಅದರ ತಾಂತ್ರಿಕ ಹೆಸರೇ. ಉತ್ತರ ಯಾರಾದರೂ ಕೇಳುವವರೆಗೆ ಲೆಕ್ಕ ಮಾಡುವುದಿಲ್ಲ. ಎಷ್ಟೋ ಸಲ ಇದು ಒಳ್ಳೆಯದು, ಬೇಡದ ಕೆಲಸ ಉಳಿಯುತ್ತದೆ. ಆದರೆ ಬಾಡಿಗೆ ಕೂಡುತ್ತಾ ಹೋಗುವಾಗ 'ಇದನ್ನು ಆಮೇಲೆ ಕೂಡು' ಎಂಬ ಚೀಟಿಗಳು ಲಕ್ಷಗಟ್ಟಲೆ ಬೆಳೆಯಬಹುದು. ಕಿರಾಣಿ ಅಂಗಡಿಯವರು ಚೀಟಿಗಳನ್ನು ಮೊಳೆಗೆ ಚುಚ್ಚಿ ತಿಂಗಳ ಕೊನೆಗೆ ಕೂಡುವುದಕ್ಕೂ, ಪ್ರತಿ ಮಾರಾಟಕ್ಕೂ ಬಾಕಿ ಮೊತ್ತವನ್ನು ಅಲ್ಲೇ ಬರೆಯುವುದಕ್ಕೂ ಇರುವ ವ್ಯತ್ಯಾಸವೇ ಇದು. ಟೈಪ್ ಬರೆಯುವಾಗ ಪೈಸೆಯ ಕಾಲಂಗೆ 'ಈಗಲೇ ಲೆಕ್ಕ ಮಾಡು' ಎಂದು ಸೂಚಿಸುವ ಆಶ್ಚರ್ಯಸೂಚಕ ಚಿಹ್ನೆ ಹಾಕಬಹುದು. ಮೊತ್ತ ಕೂಡಲೂ ಅಂಥದ್ದೇ ಫಂಕ್ಷನ್ ಇದೆ. ಹಣದ ವಿಷಯದಲ್ಲಿ ಅವನ್ನೇ ಬಳಸಿ.

ನಾಲ್ಕೂ ಸೂತ್ರಗಳ ಹಿಂದಿನ ಮಾತು ಒಂದೇ. ಬಂದದ್ದನ್ನು ಒಮ್ಮೆ ಓದಿ, ಒಮ್ಮೆ ಪರೀಕ್ಷಿಸಿ, ಬೇಕಾದ ರೂಪಕ್ಕೆ ತಂದು, ಉಳಿದದ್ದನ್ನು ಬಿಟ್ಟುಬಿಡಿ. ತಪ್ಪಿಲ್ಲದೆ ಓದುವ ದಾರಿಯೂ ಬೇಗ ಓದುವ ದಾರಿಯೂ ಬಹುಮಟ್ಟಿಗೆ ಒಂದೇ ಕಡೆ ಹೋಗುತ್ತವೆ.

7. ಅಭ್ಯಾಸ

ಹ್ಯಾಸ್ಕೆಲ್ ಉಚಿತ. ಲ್ಯಾಬಿನ ಕಂಪ್ಯೂಟರ್‌ನಲ್ಲಿ ಹಾಕಲು ಸರ್ ಅಥವಾ ಮೇಡಂ ಅವರನ್ನು ಕೇಳಬಹುದು. ಅದಕ್ಕೂ ಮೊದಲು ಇವನ್ನು ಪೆನ್ನು ಕಾಗದದಲ್ಲಿ ಮಾಡಿ ನೋಡಿ.

ಅ) ಫೆಬ್ರವರಿಯ 28 ದಿನಗಳಲ್ಲಿ 3 ಗೆರೆ, 1 ಸೊನ್ನೆ ಇದೆ. ಒಟ್ಟು ದುಡಿಮೆ 19,200 ರೂಪಾಯಿ. ದಿನದ ಸರಾಸರಿ ಎಷ್ಟು?

ಆ) "72.5", "72.50", "72.505", "ಎಪ್ಪತ್ತೆರಡು" — ನಮ್ಮ 'ಪೈಸೆಯಾಗಿ ಓದು' ಡಿಕೋಡರ್ ಯಾವುದನ್ನು ಒಪ್ಪಬೇಕು, ಏನು ಉತ್ತರ ಕೊಡಬೇಕು?

ಇ) 'ಮೈಸೂರು' ಎಂಬ ಪದಕ್ಕೆ ಯುಟಿಎಫ್-8ನಲ್ಲಿ ಎಷ್ಟು ಬೈಟ್? ಗುಪ್ತರೂಪದಲ್ಲಿ ಬರೆದರೆ ಎಷ್ಟು?

ಈ) ನಿಮ್ಮ ಮನೆಯ ಒಂದು ಲೆಕ್ಕದ ಪುಸ್ತಕ, ಹಾಲಿನ ಕಾರ್ಡು ಅಥವಾ ಚೀಟಿಯ ಪಟ್ಟಿ ತೆಗೆದುಕೊಳ್ಳಿ. ಅದಕ್ಕೊಂದು ಟೈಪ್ ಬರೆಯಿರಿ. ಯಾವ ಕಾಲಂ 'ಬೇಕೇ ಬೇಕು', ಯಾವುದು 'ಇರಬಹುದು' ಎಂದು ಆ ಪುಸ್ತಕ ಬರೆಯುವವರನ್ನೇ ಕೇಳಿ ತಿಳಿದುಕೊಳ್ಳಿ.

ಉತ್ತರಗಳು: ಅ) ಗೆರೆ ಬಿಟ್ಟು, ಸೊನ್ನೆ ಸೇರಿಸಿ 25 ದಿನ, ಸರಾಸರಿ 768 ರೂಪಾಯಿ. ಆ) ಮೊದಲ ಎರಡನ್ನು ಒಪ್ಪಿ 7250 ಪೈಸೆ ಎನ್ನಬೇಕು, ಉಳಿದ ಎರಡಕ್ಕೆ ತಪ್ಪಿನ ಕಾರಣ ಹೇಳಬೇಕು. ಇ) ಸಂಕೇತಗಳು 6, ಆದ್ದರಿಂದ 18 ಬೈಟ್, ಗುಪ್ತರೂಪದಲ್ಲಿ 36. ಈ) ಇದಕ್ಕೆ ಪ್ರತಿಯೊಬ್ಬರ ಉತ್ತರವೂ ಬೇರೆ. ಬರೆದು ತಂದರೆ ಜೊತೆಯಲ್ಲಿ ಕೂತು ನೋಡೋಣ.